‘ನನಗೆ ಅರ್ಥವಾಗಿದೆ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು: ರಿಸರ್ವ್ ಬ್ಯಾಂಕಿಗೆ ಸಿದ್ದಾಪುರದಿಂದ ಒಂದು ಬಹಿರಂಗ ಪತ್ರ

ಪ್ರಾದೇಶಿಕ ನಿರ್ದೇಶಕರಿಗೆ,
ಭಾರತೀಯ ರಿಸರ್ವ್ ಬ್ಯಾಂಕ್,
ನೃಪತುಂಗ ರಸ್ತೆ, ಬೆಂಗಳೂರು.

ಮಾನ್ಯರೇ,

ಕೊಡಗಿನ ಸಿದ್ದಾಪುರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಹೆಸರಿಗೆ ಮಾತ್ರ ಝೆರಾಕ್ಸ್. ಪಹಣಿ ತೆಗೆದುಕೊಡುವುದು, ಫೋನಿಗೆ ಬಂದ ಮೆಸೇಜ್ ಓದಿ ಹೇಳುವುದು, ‘ಅಕ್ಕ, ದುಡ್ಡು ಹೋಯ್ತು ಅಂತ ತೋರಿಸ್ತದೆ, ಅವರಿಗೆ ಬಂದಿಲ್ಲ’ ಎಂದು ಓಡಿ ಬಂದವರಿಗೆ ನೀರು ಕೊಟ್ಟು ಕೂರಿಸುವುದು ಎಲ್ಲ ಇಲ್ಲೇ. ಹನ್ನೆರಡು ವರ್ಷದಿಂದ ಸುತ್ತಮುತ್ತಲಿನ ತೋಟಗಳ ಜನರ ಸಾಲದ ಕಾಗದಗಳೆಲ್ಲ ಈ ಮೆಷಿನ್ನಿನ ಗಾಜಿನ ಮೇಲೆ ಹಾದು ಹೋಗಿವೆ. ಓದಬಾರದು ಅಂದುಕೊಳ್ಳುತ್ತೇನೆ, ಆದರೂ ಕಣ್ಣು ಹೋಗುತ್ತದೆ. ಹಾಗೆ ಓದಿದ ಒಂದು ಕಾಗದದ ಬಗ್ಗೆ ಈ ಪತ್ರ.

ತೋಟದ ಕೂಲಿಯವರ ಲೈನ್ ಮನೆಯಲ್ಲಿರುವ ಒಬ್ಬ ಹೆಂಗಸು ಒಂದು ದಿನ ಹದಿನಾರು ಹಾಳೆ ತಂದಳು. ಸಂಘದ ಸಾಲದ ಕಾಗದ. ಇನ್ನೊಂದು ಕಂಪನಿಯವರು ಹಳೆ ಸಾಲದ ಪ್ರತಿ ಕೇಳಿದ್ದಾರಂತೆ. ‘ಎಷ್ಟು ಬಡ್ಡಿ?’ ಎಂದು ಸುಮ್ನೆ ಕೇಳಿದೆ. ‘ನೂರಕ್ಕೆ ಎರಡು ರೂಪಾಯಿ’ ಎಂದಳು. ಕಾಗದದಲ್ಲೂ ವರ್ಷಕ್ಕೆ ಶೇಕಡ 24 ಎಂದೇ ಇತ್ತು. ಸಾಲ 40,000 ರೂಪಾಯಿ. ತಿಂಗಳಿಗೆ 2,115 ರೂಪಾಯಿಯಂತೆ 24 ಕಂತು. ಆದರೆ ಅವಳ ಕೈಗೆ ಬಂದದ್ದು 38,200. ಉಳಿದ 1,800 ರೂಪಾಯಿ ಫೈಲು ಖರ್ಚು, ವಿಮೆ, ತೆರಿಗೆ ಎಂದು ಮೊದಲೇ ಮುರಿದುಕೊಂಡಿದ್ದಾರೆ. ಒಂಬತ್ತನೇ ಹಾಳೆಯಲ್ಲಿ ಒಂದು ಚೌಕದೊಳಗೆ ಇನ್ನೊಂದು ಅಂಕಿ ಇತ್ತು. ಎಪಿಆರ್ ಅಂತೆ, ಎಲ್ಲ ಖರ್ಚೂ ಸೇರಿಸಿದ ವರ್ಷದ ದರ. ಅದು ಸುಮಾರು 29. ಅಂದರೆ ನೂರಕ್ಕೆ ಎರಡಲ್ಲ, ಎರಡೂವರೆಯ ಹತ್ತಿರ. ಒಟ್ಟು ಕಟ್ಟಬೇಕಾದ್ದು 50,760.

ನಾನು ಇದನ್ನು ಹೇಳಿದಾಗ ಅವಳು ನನ್ನ ಮುಖ ನೋಡಿದಳು. ‘ಅದೆಲ್ಲ ಅಲ್ಲಿ ಬರ್ದಿದ್ಯಾ?’ ಎಂದಳು.

ಬರೆದಿತ್ತು. ಇಂಗ್ಲಿಷಿನಲ್ಲಿ. ಅದರ ಕೆಳಗೆ ಇನ್ನೊಂದು ಸಾಲು, ಅದೂ ಇಂಗ್ಲಿಷಿನಲ್ಲಿ: ಮೇಲಿನ ವಿವರಗಳನ್ನೆಲ್ಲ ನನಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿಕೊಟ್ಟಿದ್ದಾರೆ, ನನಗೆ ಅರ್ಥವಾಗಿದೆ. ಅದರ ಕೆಳಗೆ ಅವಳ ಸಹಿ. ಕನ್ನಡದಲ್ಲಿ, ಒಂದೊಂದೇ ಅಕ್ಷರ ಜೋಡಿಸಿ ಬರೆದದ್ದು.

ಆ ಚೌಕದ ಹಾಳೆಗೆ ಕೆಎಫ್‌ಎಸ್ ಎನ್ನುತ್ತಾರೆ, ಸಾಲದ ಮುಖ್ಯ ವಿವರಗಳ ಹಾಳೆ. 2024ರ ಏಪ್ರಿಲ್ 15ರಂದು ನೀವೇ ಹೊರಡಿಸಿದ ಸುತ್ತೋಲೆ ಪ್ರಕಾರ ಆ ವರ್ಷದ ಅಕ್ಟೋಬರ್ 1ರಿಂದ ಬ್ಯಾಂಕಾಗಲಿ, ಎನ್‌ಬಿಎಫ್‌ಸಿಯಾಗಲಿ (ಬ್ಯಾಂಕಲ್ಲದ ಸಾಲ ಕಂಪನಿ) ಜನಸಾಮಾನ್ಯರಿಗೆ ಕೊಡುವ ಸಾಲಕ್ಕೆ ಈ ಹಾಳೆ ಇರಲೇಬೇಕು. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದಿರಬೇಕು. ಬಾಯಿಬಿಟ್ಟು ವಿವರಿಸಬೇಕು. ವಿವರಿಸಿದ್ದಕ್ಕೆ ಒಪ್ಪಿಗೆ ಪಡೆಯಬೇಕು. ಏಳು ದಿನ ಅಥವಾ ಅದಕ್ಕಿಂತ ದೊಡ್ಡ ಅವಧಿಯ ಸಾಲವಾದರೆ, ಹಾಳೆ ಕೊಟ್ಟ ಮೇಲೆ ಯೋಚನೆ ಮಾಡಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ಸುತ್ತೋಲೆ ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಯಾರೋ ಒಬ್ಬರು ನಮ್ಮಂಥವರನ್ನು ನೆನೆಸಿಕೊಂಡೇ ಬರೆದಿದ್ದಾರೆ ಅನ್ನಿಸಿತು. ಆದರೆ ಸಿದ್ದಾಪುರಕ್ಕೆ ಬರುವ ಹೊತ್ತಿಗೆ ಅದರಲ್ಲಿ ಉಳಿದದ್ದು ಕೊನೆಯ ಸಾಲು ಮಾತ್ರ. ಒಪ್ಪಿಗೆಯ ಸಹಿ.

ನಿಮ್ಮ ಇನ್ಸ್‌ಪೆಕ್ಷನ್‌ನವರು ಆ ಕಂಪನಿಯ ಫೈಲು ತೆಗೆದರೆ ಏನು ಕಾಣುತ್ತದೆ? ಹಾಳೆ ಇದೆ, ಸಹಿ ಇದೆ, ಟಿಕ್. ಅರ್ಥವಾಗಿತ್ತಾ ಎನ್ನುವುದಕ್ಕೆ ಫೈಲಿನಲ್ಲಿ ಜಾಗವಿಲ್ಲ, ಅಲ್ವಾ?

ಇಲ್ಲಿ ಕೊಡಗಿನ ಬಗ್ಗೆ ಒಂದು ಮಾತು. ‘ಅರ್ಥವಾಗುವ ಭಾಷೆ’ ಅಂದರೆ ಕನ್ನಡ ಅಂದುಬಿಟ್ಟರೂ ಇಲ್ಲಿ ಪೂರ್ತಿ ಆಗುವುದಿಲ್ಲ. ನನ್ನ ಅಂಗಡಿಯ ಬೆಂಚಿನ ಮೇಲೆ ಒಂದೇ ದಿನ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು, ಯರವರ ಭಾಷೆ ಎಲ್ಲ ಕೇಳುತ್ತದೆ. ಈಗ ಅಸ್ಸಾಮಿನಿಂದ ಬಂದವರ ಮಾತೂ ಸೇರಿದೆ. ಯರವ, ಜೇನುಕುರುಬ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಯಾವ ಲಿಪಿಯೂ ಬರದು. ಅವರಿಗೆ ಹಾಳೆ ಕನ್ನಡದಲ್ಲಿದ್ದರೂ ಒಂದೇ, ಇಂಗ್ಲಿಷಿನಲ್ಲಿದ್ದರೂ ಒಂದೇ. ಹಾಗಂತ ಕನ್ನಡ ಹಾಳೆ ಬೇಡ ಅನ್ನುತ್ತಿಲ್ಲ. ಮೊದಲು ಅದು ಬರಲಿ. ಮನೆಯಲ್ಲಿ ಏಳನೇ ಕ್ಲಾಸಿನ ಮಗಳಿದ್ದರೆ ಅವಳಾದರೂ ಓದಿ ಹೇಳುತ್ತಾಳೆ. ಇಂಗ್ಲಿಷ್ ಕಾಗದವಾದರೆ ಆ ಮಗುವೂ ಕೈಚೆಲ್ಲುತ್ತದೆ.

ಓದಲು ಬರದವರಿಗೆ ಧ್ವನಿಯಲ್ಲಿ ಕೇಳಿಸಿ. ಇದೇನು ದೊಡ್ಡ ವಿದ್ಯೆ ಅಲ್ಲ. ನನ್ನ ಪಕ್ಕದ ತರಕಾರಿ ಅಂಗಡಿಯ ಸೌಂಡ್ ಬಾಕ್ಸು ದಿನವಿಡೀ ‘ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಕೂಗುತ್ತದೆ. ಇಪ್ಪತ್ತು ರೂಪಾಯಿಯ ಸೊಪ್ಪಿಗೆ ಇರುವ ಧ್ವನಿ ನಲವತ್ತು ಸಾವಿರದ ಸಾಲಕ್ಕೆ ಯಾಕಿಲ್ಲ? ‘ಕೈಗೆ ಬರುವುದು ಇಷ್ಟು, ಕಟ್ಟುವುದು ಒಟ್ಟು ಇಷ್ಟು, ತಿಂಗಳಿಗೆ ಇಷ್ಟು, ತೊಂದರೆಯಾದರೆ ಈ ನಂಬರು.’ ಅರ್ಧ ನಿಮಿಷ ಸಾಕು. ಅವರವರ ಮಾತಿನಲ್ಲಿ ಹೇಳಿ ಅದನ್ನೇ ರೆಕಾರ್ಡ್ ಮಾಡಿಟ್ಟುಕೊಳ್ಳಲಿ. ನಿಮ್ಮವರು ತಪಾಸಣೆಗೆ ಬಂದಾಗ ಸಹಿ ನೋಡುವ ಬದಲು ಅದನ್ನು ಕೇಳಿಸಿಕೊಳ್ಳಲಿ.

ಈ ಸಂಘದ ಸಾಲದವರಿಗೆ, ಅಂದರೆ ಮೈಕ್ರೋಫೈನಾನ್ಸ್‌ಗೆ, ನಿಮ್ಮ ನಿಯಮ 2022ರ ಮಾರ್ಚ್‌ನದು. ಮನೆಯ ವಾರ್ಷಿಕ ಆದಾಯ 3 ಲಕ್ಷದ ಒಳಗಿದ್ದವರಿಗೆ ಅಡವಿಲ್ಲದ ಸಾಲ. ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. 2010ರಲ್ಲಿ ಆಂಧ್ರದಲ್ಲಿ ಇಂಥ ಸಾಲದ ವಸೂಲಿಯ ಕಾಟಕ್ಕೆ ಜನ ಜೀವ ಕಳೆದುಕೊಂಡ ಅನಾಹುತದ ನಂತರ ಬಡ್ಡಿಗೆ ಒಂದು ಮಿತಿ ಇತ್ತು. 2022ರಲ್ಲಿ ಅದನ್ನು ತೆಗೆದು, ದರವನ್ನು ಕಂಪನಿಯ ಬೋರ್ಡಿಗೇ ಬಿಟ್ಟಿರಿ. ಜನ ಕೇಳಿ ನೋಡಿ ಆರಿಸಿಕೊಳ್ಳುತ್ತಾರೆ ಎಂಬ ಲೆಕ್ಕ ಇರಬೇಕು. ದರವೇ ತಿಳಿಯದೆ ಆರಿಸಿಕೊಳ್ಳುವುದು ಹೇಗೆ ಎನ್ನುವುದು ನನ್ನ ಪ್ರಶ್ನೆ.

‘ತಿಂಗಳ ಆದಾಯದ ಅರ್ಧ’ ಎನ್ನುವ ಲೆಕ್ಕವೂ ತೋಟದಲ್ಲಿ ಜಾರುತ್ತದೆ. ರೊಬಸ್ಟಾ ಕುಯ್ಲಿನ ಹೊತ್ತಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಗಂಡ ಹೆಂಡತಿ ಇಬ್ಬರೂ ಕುಯ್ದರೆ ಶನಿವಾರದ ಬಟವಾಡೆ ಕೈತುಂಬ. ಆಗಲೇ ಫೀಲ್ಡ್ ಆಫೀಸರ್ ಬಂದು ಆದಾಯ ಬರೆದುಕೊಂಡು ಹೋಗುತ್ತಾನೆ. ಜುಲೈ ಬರಲಿ. ಒಂದೇ ಸಮನೆ ಮಳೆ. ವಾರದಲ್ಲಿ ಎರಡು ದಿನ ಕೆಲಸ ಸಿಕ್ಕಿದರೆ ಪುಣ್ಯ. ಕಂತಿಗೆ ಮಾತ್ರ ಮಳೆಗಾಲವಿಲ್ಲ. ನಿಮ್ಮ ಅದೇ 2022ರ ನಿಯಮದಲ್ಲಿ, ಕಂತಿನ ಅವಧಿಯನ್ನು ಸಾಲಗಾರರ ಅನುಕೂಲ ನೋಡಿ ಸಡಿಲಿಸುವ ಪಾಲಿಸಿ ಪ್ರತಿ ಕಂಪನಿಯಲ್ಲೂ ಇರಬೇಕು ಎಂದಿದೆ. ಇಷ್ಟು ವರ್ಷದಲ್ಲಿ ‘ನಮಗೆ ಕುಯ್ಲಿನಲ್ಲಿ ಜಾಸ್ತಿ, ಮಳೆಯಲ್ಲಿ ಕಡಿಮೆ ಕಂತು ಮಾಡಿಕೊಟ್ಟರು’ ಎಂದ ಒಬ್ಬರೂ ನನ್ನ ಅಂಗಡಿಗೆ ಬಂದಿಲ್ಲ. ಪಾಲಿಸಿ ಎಲ್ಲೋ ಒಂದು ಫೈಲಿನಲ್ಲಿ ಬೆಚ್ಚಗಿರಬಹುದು.

ವಸೂಲಿಯ ಸಮಯವೂ ಹಾಗೇ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಬರಬಾರದು ಎಂದಿದೆ. ಒಳ್ಳೆಯದೇ. ಆದರೆ ತೋಟದ ಹೆಂಗಸರು ಎಂಟಕ್ಕೆ ಮೊದಲೇ ಕೆಲಸಕ್ಕೆ ಹೋಗುತ್ತಾರೆ, ಐದರ ಹೊತ್ತಿಗೆ ಬರುತ್ತಾರೆ. ಅದಕ್ಕೇ ಕಂಪನಿ ಹುಡುಗ ಬೆಳಿಗ್ಗೆ ಆರೂವರೆಗೆ ಲೈನ್ ಮನೆ ಮುಂದೆ ಬೈಕು ನಿಲ್ಲಿಸುತ್ತಾನೆ. ಒಲೆ ಹೊತ್ತಿಸುವ ಹೊತ್ತಿಗೆ, ಅಕ್ಕಪಕ್ಕದವರೆಲ್ಲ ನೋಡುತ್ತಿರುವಾಗ. ಪಾಪ, ಆ ಹುಡುಗನೂ ಯಾವುದೋ ಊರಿನ ಬಡವರ ಮಗನೇ. ಅವನಿಗೂ ಮೇಲಿನಿಂದ ಫೋನು ಬರುತ್ತಿರುತ್ತದೆ. ನಿಯಮ ಹೇಳುವುದು ಇಬ್ಬರೂ ಒಪ್ಪಿದ ಒಂದು ಜಾಗದಲ್ಲಿ ವಸೂಲಿ ಆಗಬೇಕು, ಸತತ ಎರಡು ಸಲ ಸಾಲಗಾರರು ಅಲ್ಲಿಗೆ ಬರದಿದ್ದರೆ ಮಾತ್ರ ಮನೆಗೆ ಹೋಗಬಹುದು ಎಂದು. ಇದನ್ನು ನಾನು ಹೇಳಿದಾಗ ಒಬ್ಬಳು ನಕ್ಕಳು. ‘ಹಾಗಂತ ಅವನಿಗೆ ಹೇಳೋರು ಯಾರು, ನೀವು ಬರ್ತೀರಾ ಅಕ್ಕ?’

2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆಮೇಲೆ ಸ್ವಲ್ಪ ದಿನ ಬೈಕುಗಳು ತಣ್ಣಗಾದವು. ಆದರೆ ಜನರ ಮಟ್ಟದಲ್ಲಿ ಒಂದು ಗೊಂದಲ ಉಳಿದಿದೆ. ಠಾಣೆಗೆ ಹೋದರೆ ‘ಇದು ಆರ್‌ಬಿಐ ಕಂಪನಿ, ಅಲ್ಲಿ ಹೇಳಿ’. ಅಲ್ಲಿ ಅಂದರೆ ಎಲ್ಲಿ? ಸಿದ್ದಾಪುರದಲ್ಲಿ ಆರ್‌ಬಿಐ ಅಂದರೆ ನೋಟಿನ ಮೇಲಿನ ಹೆಸರು, ಅಷ್ಟೇ.

ಆ ಹೆಸರನ್ನು ಸಾಲ ಕೊಡುವವರು ಚೆನ್ನಾಗಿ ಬಳಸಿಕೊಳ್ಳುತ್ತಾರೆ. ‘ನಮ್ಮದು ಆರ್‌ಬಿಐ ಅಪ್ರೂವ್ಡ್’ ಎನ್ನುತ್ತಾರೆ. ಕೇಳಿದವರಿಗೆ ಸರ್ಕಾರವೇ ಕೊಡಿಸಿದ ಸಾಲ ಅನ್ನಿಸುತ್ತದೆ. ನೋಂದಣಿ ಅಂದರೆ ಗ್ಯಾರಂಟಿ ಅಲ್ಲ ಎಂದು ನೀವೇ ಎಷ್ಟೋ ಸಲ ಹೇಳಿದ್ದೀರಿ. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಈ ವ್ಯವಹಾರ ಮಾಡುವಂತಿಲ್ಲ, ಹೊಸದಾಗಿ ಶುರು ಮಾಡುವವರಿಗೆ 10 ಕೋಟಿ ಸ್ವಂತ ಬಂಡವಾಳ ಬೇಕು. ಅಷ್ಟೇ ಅದರ ಅರ್ಥ. (ಇದನ್ನೆಲ್ಲ ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಕೂತು ಓದಿದ್ದು. ‘ಅಮ್ಮ ಐಎಎಸ್ ಬರೀತಾಳೆ’ ಎಂದು ಮಗ ನಗುತ್ತಾನೆ.)

ಓದಲು ಶುರು ಮಾಡಿದ್ದಕ್ಕೆ ಕಾರಣ ಒಂದು ಫೋನು. ತೋಟದ ಜೀಪ್ ಓಡಿಸುವ ಹುಡುಗನೊಬ್ಬ ಯಾವುದೋ ಆ್ಯಪಿನಲ್ಲಿ ಏಳು ದಿನಕ್ಕೆ ಸಾಲ ತಗೊಂಡಿದ್ದ. ಎಂಟನೇ ದಿನ ನನಗೆ ಕರೆ. ಹಿಂದಿಯಲ್ಲಿ ಒಬ್ಬ, ‘ನೀವು ಝೆರಾಕ್ಸ್ ಅಕ್ಕ ತಾನೆ? ಇವನು ಕಳ್ಳ, ಇವನ ಸಾಲ ನೀವು ಕಟ್ಟಿ’ ಎಂದ. ಹುಡುಗ ಫೋನಿನಲ್ಲಿ ನನ್ನ ಹೆಸರನ್ನು ಹಾಗೇ ಇಟ್ಟುಕೊಂಡಿದ್ದ. ಅವನ ತೋಟದ ಸಾಹುಕಾರರಿಗೂ, ಹುಡುಗಿ ಕಡೆಯವರಿಗೂ ಅದೇ ಕರೆ ಹೋಗಿತ್ತು. ಮದುವೆ ಮಾತುಕತೆ ನಿಂತಿತು.

ನಿಮ್ಮ 2022ರ ಸೆಪ್ಟೆಂಬರ್ ನಿಯಮದಲ್ಲೂ, ಅದನ್ನು ಸೇರಿಸಿ 2025ರ ಮೇ ತಿಂಗಳಲ್ಲಿ ತಂದ ಡಿಜಿಟಲ್ ಸಾಲದ ನಿರ್ದೇಶನದಲ್ಲೂ ಇದೆಲ್ಲ ನಿಷೇಧ. ಆ್ಯಪು ಫೋನಿನ ನಂಬರುಗಳ ಪಟ್ಟಿ, ಫೋಟೊ ಮುಟ್ಟುವಂತಿಲ್ಲ. ದುಡ್ಡು ಸಾಲ ಕೊಡುವ ಸಂಸ್ಥೆಯಿಂದ ನೇರ ಸಾಲಗಾರರ ಖಾತೆಗೇ ಬರಬೇಕು. ಬೇಡವೆನ್ನಿಸಿದರೆ ಕನಿಷ್ಠ ಒಂದು ದಿನದವರೆಗೆ ದಂಡವಿಲ್ಲದೆ ವಾಪಸ್ ಮಾಡಲು ಅವಕಾಶವಿರಬೇಕು. ಫೋನಿನಲ್ಲಿ ಕಾಣುವ ಬಣ್ಣದ ಹೆಸರು ಬೇರೆ, ಹಿಂದೆ ಸಾಲ ಕೊಡುವ ಎನ್‌ಬಿಎಫ್‌ಸಿ ಬೇರೆ. ಆ್ಯಪಿನವರು ತಪ್ಪು ಮಾಡಿದರೂ ಹಿಂದಿನವರೇ ಜವಾಬ್ದಾರರು. ಚೆನ್ನಾಗಿದೆ. ಹುಡುಗನ ಫೋನು ತೆಗೆದು ಹಿಂದಿನ ಸಂಸ್ಥೆಯ ಹೆಸರು ಹುಡುಕಿದೆ. ಮುಕ್ಕಾಲು ಗಂಟೆ. ಸಿಗಲಿಲ್ಲ. ಹಿಂದೆ ಯಾರೂ ಇರಲಿಲ್ಲ ಅಂತಲೇ ಕಾಣುತ್ತದೆ, ಬರೀ ಕಳ್ಳ ಆ್ಯಪು.

ಕಳ್ಳ ಯಾರು, ಸಾಚಾ ಯಾರು ಎಂದು ತಿಳಿಯಲು 2025ರ ಜುಲೈ 1ರಿಂದ ನಿಮ್ಮ ವೆಬ್‌ಸೈಟಿನಲ್ಲಿ ಒಂದು ಪಟ್ಟಿ ಇದೆ. ಆದರೆ ಆ ಪಟ್ಟಿಗೆ ಹೆಸರು ಕೊಡುವವರು ಸಾಲ ಕೊಡುವ ಸಂಸ್ಥೆಗಳೇ. ಅವರು ಕೊಟ್ಟದ್ದನ್ನು ಹಾಗೇ ಹಾಕುತ್ತೇವೆ, ನಾವು ಪರಿಶೀಲಿಸಿದ್ದಲ್ಲ ಎಂದು ನೀವೇ ಹೇಳುತ್ತೀರಿ. ಪಟ್ಟಿ ಇರುವುದು ಇಲ್ಲದ್ದಕ್ಕಿಂತ ಸಾವಿರ ಪಾಲು ವಾಸಿ. ಹಾಗಿದ್ದರೂ ಜೀಪ್ ಹುಡುಗನಿಗೆ ರಾತ್ರಿ ಹತ್ತಕ್ಕೆ ತುರ್ತಾಗಿ ಮೂರು ಸಾವಿರ ಬೇಕಾದಾಗ ಅವನು ಆ ಪಟ್ಟಿಯವರೆಗೆ ಬರುವುದಿಲ್ಲ. ಆ್ಯಪು ಡೌನ್‌ಲೋಡ್ ಆಗುವ ಬಾಗಿಲಲ್ಲೇ ಅದನ್ನು ತಡೆಯಬೇಕು.

ಇನ್ನು ದೂರು. ಗ್ರಾಹಕರ ದೂರು ವಿಚಾರಿಸುವ ನಿಮ್ಮ ಒಂಬುಡ್ಸ್‌ಮನ್ ಯೋಜನೆಯಲ್ಲಿ ಮೊದಲು ಕಂಪನಿಗೆ ಬರೆಯಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಸರಿ ಅನ್ನಿಸದಿದ್ದರೆ ನಿಮಗೆ. ಫೀಸು ಇಲ್ಲ. 14448ಕ್ಕೆ ಫೋನು ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ. ಇದನ್ನು ಹೊಗಳಲೇಬೇಕು. ಬ್ಯಾಂಕಿಗೆ ಹೋಗಲು ಹೆದರುವ ಹೆಂಗಸರು ನನ್ನ ಅಂಗಡಿಯಲ್ಲಿ ನಿಂತು ಆ ನಂಬರಿನವರ ಜೊತೆ ಮಾತಾಡಿದ್ದನ್ನು ನೋಡಿದ್ದೇನೆ. ಆದರೆ ಆ ಯೋಜನೆಯೊಳಗೆ ಬರುವುದು ಠೇವಣಿ ತೆಗೆದುಕೊಳ್ಳುವ ಎನ್‌ಬಿಎಫ್‌ಸಿಗಳು, ಇಲ್ಲವಾದರೆ 100 ಕೋಟಿ ಮತ್ತು ಅದಕ್ಕಿಂತ ಜಾಸ್ತಿ ಆಸ್ತಿ ಇರುವವು. ಅದಕ್ಕಿಂತ ಚಿಕ್ಕದಾದರೆ ನಿಮ್ಮ ಕಚೇರಿಯ ಬೇರೆ ವಿಭಾಗಕ್ಕೆ ಹೋಗಬೇಕು. 2022ರ ಅಕ್ಟೋಬರ್‌ನಿಂದ ಕಂಪನಿಗಳನ್ನು ಗಾತ್ರ ನೋಡಿ ನಾಲ್ಕು ಪದರ ಮಾಡಿದ್ದೀರಿ. ಮೇಲಿನ ಪದರಕ್ಕೆ ಬಿಗಿ, ಕೆಳಗಿನದಕ್ಕೆ ಸಡಿಲ. ದೊಡ್ಡದು ಬಿದ್ದರೆ ದೇಶಕ್ಕೇ ಪೆಟ್ಟು ಎನ್ನುವ ಲೆಕ್ಕ ನನಗೂ ಅರ್ಥವಾಗುತ್ತದೆ. ಲೈನ್ ಮನೆಯ ಬಾಗಿಲಿಗೆ ಬರುವುದು ಮಾತ್ರ ಯಾವ ಪದರದವನಾದರೂ ಒಂದು ಬೈಕು, ಒಬ್ಬ ಹುಡುಗ, ಒಂದು ಟ್ಯಾಬು. ಅವನ ಕಂಪನಿಯ ಆಸ್ತಿ ತೊಂಬತ್ತು ಕೋಟಿಯೋ ನೂರಾಹತ್ತು ಕೋಟಿಯೋ ಎಂದು ಆಕೆ ಕೇಳಬೇಕೇ? ಜನರ ದೂರಿಗೆ ಒಂದೇ ಬಾಗಿಲು ಇರಲಿ. ಒಳಗೆ ಯಾವ ವಿಭಾಗಕ್ಕೆ ಕಳಿಸುತ್ತೀರೋ ನಿಮ್ಮ ಇಷ್ಟ.

ಒಡವೆ ಸಾಲದ ಬಗ್ಗೆ ಹೇಳದಿದ್ದರೆ ಕೊಡಗಿನ ಪತ್ರ ಅರ್ಧವೇ. ಇಲ್ಲಿ ಜಮ್ಮಾ ಜಾಗದ, ಅಂದರೆ ತಲೆತಲಾಂತರದಿಂದ ಕುಟುಂಬಕ್ಕೆ ಬಂದ ಜಮೀನಿನ, ಪಹಣಿಯಲ್ಲಿ ಪಟ್ಟೇದಾರರ ಹೆಸರು, ಕುಟುಂಬದ ಹತ್ತಾರು ಹೆಸರು ಒಟ್ಟಿಗೆ ಇರುತ್ತವೆ. ಅದನ್ನು ಹಿಡಿದು ಒಬ್ಬರೇ ಬ್ಯಾಂಕಿಗೆ ಹೋದರೆ ಸಾಲ ಸಲೀಸಾಗಿ ಹುಟ್ಟುವುದಿಲ್ಲ. ಎರಡು ಎಕರೆ ತೋಟವಿರುವವರೂ ಗೊಬ್ಬರಕ್ಕೆ, ಕಪಾತಿಗೆ ದುಡ್ಡು ಬೇಕಾದಾಗ ಒಡವೆ ಅಡ ಇಡುತ್ತಾರೆ. ಕೊಡವ ಹೆಂಗಸರ ಚಿನ್ನದ ಸರವಾದ ಜೋಮಾಲೆಯ ಗುಂಡುಗಳು ಟೊಳ್ಳು, ಒಳಗೆ ಅರಗು ತುಂಬಿರುತ್ತದೆ. ತೂಕ ಹಾಕುವವನು ಎಷ್ಟು ಕಳೆದ, ಯಾಕೆ ಕಳೆದ ಎಂದು ಹೇಳುವುದಿಲ್ಲ. ನಿಮ್ಮ 2025ರ ಜೂನ್ ಆದೇಶದಲ್ಲಿ ಇದಕ್ಕೆ ಉತ್ತರವಿದೆ. ಇಟ್ಟವರ ಎದುರೇ ಪರೀಕ್ಷೆ ಆಗಬೇಕು, ಕಳೆದ ತೂಕಕ್ಕೆ ಕಾರಣ ಹೇಳಬೇಕು, ವಿವರ ಬರೆದು ಕೊಡಬೇಕು. ಸಾಲ ತೀರಿದ ಮೇಲೆ 7 ಕೆಲಸದ ದಿನದೊಳಗೆ ಒಡವೆ ಕೊಡದೆ, ತಡ ಅವರದೇ ಆದರೆ ದಿನಕ್ಕೆ 5,000 ರೂಪಾಯಿ. 2026ರ ಏಪ್ರಿಲ್ 1ರೊಳಗೆ ಎಲ್ಲರೂ ಜಾರಿ ಮಾಡಬೇಕು ಎಂದಿದ್ದೀರಿ. ಈ ಐದು ಸಾವಿರದ ಮಾತು ಅಡದ ಅಂಗಡಿಯ ಗೋಡೆ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಕಾಣಬೇಕು. ಆಗ ನೋಡಿ, ಒಡವೆ ಎಷ್ಟು ಬೇಗ ಲಾಕರಿನಿಂದ ಹೊರಗೆ ಬರುತ್ತದೆ.

ನನ್ನ ಸ್ವಂತದ್ದೂ ಒಂದು ಇದೆ, ಚಿಕ್ಕದು. ಒಂದು ಮಳೆಗಾಲ ಕರೆಂಟಿಲ್ಲ, ಟವರ್ ಬಂದು ಹೋಗಿ ಆಡುತ್ತಿತ್ತು. ಒಬ್ಬರು ಮದುವೆ ಕಾಗದ ಪ್ರಿಂಟು ಮಾಡಿಸಿ ಯುಪಿಐನಲ್ಲಿ 1,850 ಕಳಿಸಿದರು. ಅವರ ಖಾತೆಯಿಂದ ಹೋಯಿತು, ನನಗೆ ಬರಲಿಲ್ಲ. ಇಬ್ಬರೂ ಮುಖ ಗಂಟು ಹಾಕಿಕೊಂಡೆವು. ಒಂಬತ್ತನೇ ದಿನ ಅವರ ದುಡ್ಡು ಅವರಿಗೆ ವಾಪಸ್ ಬಂತು. 2019ರ ಸೆಪ್ಟೆಂಬರ್ ಸುತ್ತೋಲೆ ಪ್ರಕಾರ ಅಂಗಡಿಗೆ ಕಟ್ಟಿದ ದುಡ್ಡು ಹೀಗೆ ಸಿಕ್ಕಿಕೊಂಡರೆ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ. ದೂರು ಕೊಡದೆಯೇ, ತಾನಾಗಿ. ಅಂದರೆ ಅವರಿಗೆ ಇನ್ನೂ 400 ರೂಪಾಯಿ ಬರಬೇಕಿತ್ತು. ಬರಲಿಲ್ಲ. ಬರಬೇಕಿತ್ತು ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ. 2016ರಿಂದ ಯುಪಿಐ ಇದೆ. ಅದಿಲ್ಲದೆ ಈಗ ನಾನು ಅಂಗಡಿ ನಡೆಸಲಾರೆ. ಆದ್ದರಿಂದ ಇದು ದೂಷಣೆಯಲ್ಲ. ಫೇಲ್ ಆದ ಕೂಡಲೇ ಬರುವ ಮೆಸೇಜಿನಲ್ಲೇ ‘ಇಂಥ ದಿನದೊಳಗೆ ಬಾರದಿದ್ದರೆ ದಿನಕ್ಕೆ 100 ರೂಪಾಯಿ’ ಎಂದು ಒಂದು ಸಾಲು ಸೇರಿಸಿ ಎಂದಷ್ಟೇ ಕೇಳುತ್ತಿದ್ದೇನೆ.

ಹೊಸ ನಿಯಮ ಮಾಡಿ ಎಂದು ನಾನು ಕೇಳಿದ್ದು ಕಡಿಮೆ, ಗಮನಿಸಿರಬಹುದು. ಇರುವುದೇ ಬೇಕಾದಷ್ಟಿದೆ. ಮೂರು ತಿಂಗಳಿಗೊಮ್ಮೆ ಮಡಿಕೇರಿಯಲ್ಲಿ ಜಿಲ್ಲೆಯ ಬ್ಯಾಂಕುಗಳನ್ನೆಲ್ಲ ಸೇರಿಸುವ ಲೀಡ್ ಬ್ಯಾಂಕಿನ ಸಭೆ ನಡೆಯುತ್ತದೆ, ನಿಮ್ಮ ಕಚೇರಿಯ ಅಧಿಕಾರಿಯೂ ಬರುತ್ತಾರೆ. ಮುಂದಿನ ಸಲ ಬಂದಾಗ ಸಭೆ ಮುಗಿಸಿ ಸಂಜೆ ಐದರ ಮೇಲೆ ಯಾವುದಾದರೂ ಒಂದು ಲೈನ್ ಮನೆಗೆ ಬರಲಿ. ಸಿದ್ದಾಪುರಕ್ಕೆ ಬಂದರೆ ನಾನೇ ಕರೆದುಕೊಂಡು ಹೋಗುತ್ತೇನೆ. ಹತ್ತು ಹೆಂಗಸರ ಸಾಲದ ಹಾಳೆ ತೆಗೆಸಿ, ‘ಅಮ್ಮ, ಇದರಲ್ಲಿ ಏನು ಬರೆದಿದೆ?’ ಎಂದು ಕೇಳಲಿ. ಬೇರೆ ತಪಾಸಣೆ ಬೇಡ.

ಅಷ್ಟರಲ್ಲಿ ನಿಮ್ಮ ಕಡೆಯಿಂದ ಒಂದು ಹಾಳೆ ಕಳಿಸಿಕೊಡಿ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಕೆಎಫ್‌ಎಸ್ ಅಂದರೇನು, ಬೈಕಿನವನು ಎಷ್ಟು ಗಂಟೆಗೆ ಬರಬಹುದು, 14448 ಯಾವಾಗ ಒತ್ತಬೇಕು, ಇಷ್ಟಿದ್ದರೆ ಸಾಕು. ಝೆರಾಕ್ಸ್‌ಗೆ ನನ್ನಲ್ಲಿ ಪ್ರತಿಗೆ ಎರಡು ರೂಪಾಯಿ. ಆ ಹಾಳೆಗೆ ತೆಗೆದುಕೊಳ್ಳುವುದಿಲ್ಲ.

ಇತಿ,
ಝೆರಾಕ್ಸ್ ಅಂಗಡಿಯವಳು
ಸಿದ್ದಾಪುರ, ಕೊಡಗು